ಗೆಳೆಯನ ಹೆಸರಿನಲ್ಲಿ ಮೂವತ್ತು ಕಿಲೋಮೀಟರ್

"ನೀವು ಸೈಕಲ್ ತುಳಿದರೆ ದುಡ್ಡು ಹೇಗೆ ಬರುತ್ತದೆ ಸರ್?" ಎಂದು ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಪೆಡಲಿನಿಂದ ನೋಟು ಉದುರುವುದಿಲ್ಲ. ಲೆಕ್ಕ ಹೀಗಿದೆ: ನಾನು ಕುಶಾಲನಗರದಿಂದ ಮಡಿಕೇರಿಯವರೆಗೆ ಸುಮಾರು 30 ಕಿಲೋಮೀಟರ್ ಸೈಕಲ್ಲಿನಲ್ಲಿ ಹೋಗುತ್ತೇನೆ. ನನ್ನನ್ನು ಬಲ್ಲವರು ಕಿಲೋಮೀಟರಿಗೆ ಇಷ್ಟು ಎಂದು ಮೊದಲೇ ಮಾತು ಕೊಡುತ್ತಾರೆ. ಒಬ್ಬರು 1 ರೂಪಾಯಿ, ಇನ್ನೊಬ್ಬರು 5, ಅಂಗಡಿಯವರು 10. ನಾನು ಮುಟ್ಟಿದರೆ ಅವರು ಕೊಡುತ್ತಾರೆ. ಅರ್ಧ ದಾರಿಯಲ್ಲಿ ಕುಳಿತುಬಿಟ್ಟರೆ ಅರ್ಧ ದುಡ್ಡು. ಹೀಗಾಗಿ ತುಳಿಯುವವನ ಕಾಲಿಗೂ ಕೊಡುವವರ ಜೇಬಿಗೂ ಒಂದು ಸಂಬಂಧ ಏರ್ಪಡುತ್ತದೆ.

ಈ ಪದ್ಧತಿ ನಾವು ಕಂಡುಹಿಡಿದದ್ದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಿಲ್ಲಿ ಸ್ಟಾರ್ ಎಂಬ ಯುವಕ 1980ರಲ್ಲಿ ಕೆಲವೇ ಗೆಳೆಯರನ್ನು ಕೂಡಿಸಿಕೊಂಡು ಇಂಥದೊಂದು ಸವಾರಿ ಹೊರಟ. ಅವನ ತಾಯಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆ ವರ್ಷ 10,000 ಡಾಲರಿಗಿಂತ ಸ್ವಲ್ಪ ಹೆಚ್ಚು ಹಣ ಕೂಡಿತು. ಅದೇ ಸವಾರಿ ವರ್ಷವರ್ಷವೂ ಬೆಳೆದು, 2024ರ ಹೊತ್ತಿಗೆ ಕೂಡಿಸಿದ ಒಟ್ಟು ಮೊತ್ತ 100 ಕೋಟಿ ಡಾಲರನ್ನು ದಾಟಿತು. ಎಲ್ಲವೂ ಕ್ಯಾನ್ಸರ್ ಚಿಕಿತ್ಸೆಗೆ ಮತ್ತು ಸಂಶೋಧನೆಗೆ. ನಮ್ಮದು ಅಷ್ಟು ದೊಡ್ಡದಲ್ಲ. 2025ರ ಜನವರಿಯ ಒಂದು ಭಾನುವಾರ ನಾವು ಹೊರಟವರು 26 ಜನ. ಹೆಚ್ಚಿನವರು ಶಿಕ್ಷಕರು. ಇಬ್ಬರು ಅಂಚೆ ಇಲಾಖೆಯವರು, ಒಬ್ಬರು ಕಾಫಿ ತೋಟದ ರೈಟರು.

ನಾವು ಯಾರ ನೆನಪಿಗಾಗಿ ಹೊರಟೆವೋ ಅವನು ಸುಂಟಿಕೊಪ್ಪದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಶಾಲೆಗೆ ಸೈಕಲ್ಲಿನಲ್ಲೇ ಬರುತ್ತಿದ್ದ. ಏರಿನಲ್ಲಿ ಇಳಿದು ತಳ್ಳುವುದು ಅವನಿಗೆ ಅವಮಾನದ ಸಂಗತಿಯಾಗಿರಲಿಲ್ಲ. "ಏರಿನಲ್ಲಿ ಸೈಕಲ್ಲಿಗೆ ವಿಶ್ರಾಂತಿ, ಇಳಿಜಾರಿನಲ್ಲಿ ನನಗೆ" ಎನ್ನುತ್ತಿದ್ದ. ವಿಜ್ಞಾನ ಪಾಠಕ್ಕೆ ಉಪಕರಣ ಇಲ್ಲವೆಂದು ಅವನು ದೂರಿದ್ದನ್ನು ನಾನು ಕೇಳಿಲ್ಲ. ತುಂಡು ಸೈಕಲ್ ಟ್ಯೂಬಿಗೆ ಒಂದು ಆಲಿಕೆ ಸಿಕ್ಕಿಸಿ ಸ್ಟೆತಸ್ಕೋಪು ಮಾಡುತ್ತಿದ್ದ. ಮಣಿಕಟ್ಟಿನ ಮೇಲೆ, ನಾಡಿ ಮಿಡಿಯುವ ಜಾಗದಲ್ಲಿ, ಹುಣಸೆಬೀಜದಷ್ಟು ಜೇಡಿಮಣ್ಣು ಇಟ್ಟು ಅದಕ್ಕೊಂದು ಬೆಂಕಿಕಡ್ಡಿ ಚುಚ್ಚುತ್ತಿದ್ದ. ಕೈಯನ್ನು ಅಲುಗಿಸದೆ ಮೇಜಿನ ಮೇಲಿಟ್ಟರೆ ಕಡ್ಡಿ ತಾನಾಗಿಯೇ ತೂಗುತ್ತದೆ! ನೀವೂ ಮಾಡಿ ನೋಡಿ. ಕಾಣದ ಹೃದಯ ಕಣ್ಣಿಗೆ ಕಾಣುವುದು ಹೀಗೆ.

ಅವನದೊಂದು ವಿಚಿತ್ರ ಪದ್ಧತಿ ಇತ್ತು. ಸೋಮವಾರ ಹಾಜರಿ ಕರೆಯುವಾಗ ಮಕ್ಕಳು "ಹಾಜರ್ ಸರ್" ಎನ್ನಬೇಕಿರಲಿಲ್ಲ. ತಮ್ಮ ನಾಡಿ ಎಣಿಸಿ ಸಂಖ್ಯೆ ಹೇಳಬೇಕಿತ್ತು. "84 ಸರ್", "90 ಸರ್" ಎಂದು ಉತ್ತರ ಬರುತ್ತಿತ್ತು. ತಡವಾಗಿ ಓಡಿಬಂದವನು "120" ಎಂದಾಗ ತರಗತಿ ನಗುತ್ತಿತ್ತು. ಯಾಕೆ ತಡವಾಯಿತೆಂದು ಬೇರೆ ಕೇಳಬೇಕಾಗಿರಲಿಲ್ಲ. ಕರಿಹಲಗೆಯ ಮೂಲೆಯಲ್ಲಿ ತನ್ನದನ್ನೂ ಬರೆಯುತ್ತಿದ್ದ. ಬಹುಪಾಲು ಅದು 68 ಇರುತ್ತಿತ್ತು.

2023ರ ಮೇ ರಜೆಯಲ್ಲಿ ಒಂದು ಸಂಜೆ ಊರಿನ ಮೈದಾನದಲ್ಲಿ ಹಾಕಿ ಆಡುತ್ತಿದ್ದಾಗ ಅವನು ಕುಸಿದು ಬಿದ್ದ. ಕೊಡಗಿನಲ್ಲಿ ರಜೆಯೆಂದರೆ ಹಾಕಿ. ಅವನಿಗೆ ಆಗ 44 ವರ್ಷ. ನಾನು ಅಲ್ಲಿರಲಿಲ್ಲ, ಇದ್ದವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಮುಖಕ್ಕೆ ನೀರು ಚಿಮುಕಿಸಿದರು, ಗಾಳಿ ಹಾಕಿದರು, ಅಂಗಾಲು ತಿಕ್ಕಿದರು. ಒಬ್ಬರು ಫಿಟ್ಸ್ ಇರಬೇಕೆಂದು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು. ಆಗಾಗ ಗೊರಕೆಯಂತೆ ಒಂದು ಉಸಿರು ಬರುತ್ತಿದ್ದುದರಿಂದ ಉಸಿರಾಟ ಇದೆ ಎಂದೇ ಎಲ್ಲರೂ ತಿಳಿದರು. ಜೀಪು ಬಂತು. ಆಸ್ಪತ್ರೆ ಮುಟ್ಟಲು 25 ನಿಮಿಷವಾಯಿತು. ಅಲ್ಲಿದ್ದವರೆಲ್ಲ ಅವನನ್ನು ಪ್ರೀತಿಸುವವರೇ. ತಮಗೆ ಗೊತ್ತಿದ್ದ ಎಲ್ಲವನ್ನೂ ಅವರು ಮಾಡಿದರು.

ಜೂನಿನಲ್ಲಿ ಶಾಲೆ ತೆರೆದಾಗ ಆ ತರಗತಿಗೆ ಬೇರೆ ಶಿಕ್ಷಕಿ ಬಂದರು. ಮೊದಲ ಸೋಮವಾರ ಅವರು ಹಾಜರಿ ಕರೆದರೆ ಮಕ್ಕಳು ಒಬ್ಬರ ನಂತರ ಒಬ್ಬರು ಸಂಖ್ಯೆ ಹೇಳತೊಡಗಿದರಂತೆ. ಪಾಪ, ಅವರಿಗೆ ಏನೂ ಅರ್ಥವಾಗಲಿಲ್ಲ.

ಅವನಿಗೆ ಆದದ್ದೇನು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೃದಯ ನಿಮ್ಮ ನಿಮ್ಮ ಮುಷ್ಟಿಯಷ್ಟು ದೊಡ್ಡದು. ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಅದು ತಳ್ಳುತ್ತದೆ. ನಿಮಿಷಕ್ಕೆ 70 ಮಿಡಿತವೆಂದರೆ ಸುಮಾರು 5 ಲೀಟರ್. ನಮ್ಮ ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಮಿಡಿಯಬೇಕೆಂಬ ಆಜ್ಞೆ ಹೃದಯದೊಳಗೇ ಹುಟ್ಟುವ ಸಣ್ಣ ವಿದ್ಯುತ್ ಅಲೆಯಿಂದ ಬರುತ್ತದೆ. ಈ ಅಲೆ ಕ್ರಮವಾಗಿ ಹರಡಿದಾಗ ಹೃದಯದ ಸ್ನಾಯುಗಳೆಲ್ಲ ಒಟ್ಟಾಗಿ ಕುಗ್ಗುತ್ತವೆ.

ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಅಪಧಮನಿ ಕಟ್ಟಿಕೊಂಡರೆ ಅದು ಹೃದಯಾಘಾತ. ಆಗ ಎದೆನೋವು, ಬೆವರು, ಸಂಕಟ ಇರುತ್ತದೆ. ಮನುಷ್ಯ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾನೆ, ಮಾತನಾಡುತ್ತಾನೆ. ಇನ್ನೊಂದು ಹೃದಯ ಸ್ತಂಭನ. ಇದರಲ್ಲಿ ವಿದ್ಯುತ್ ಅಲೆಯ ಕ್ರಮ ಕೆಡುತ್ತದೆ. ಹೃದಯ ಮಿಡಿಯುವ ಬದಲು ಅದುರುತ್ತದೆ. ಗೂಡಿನ ಇರುವೆಗಳೆಲ್ಲ ಒಂದೊಂದು ದಿಕ್ಕಿಗೆ ಓಡಿದ ಹಾಗೆ, ಸ್ನಾಯುವಿನ ಎಳೆಗಳು ತಮಗೆ ತೋಚಿದಂತೆ ಕುಗ್ಗುತ್ತವೆ. ರಕ್ತ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಹೃದಯಾಘಾತವೇ ಮುಂದುವರಿದು ಸ್ತಂಭನವಾಗಬಹುದು, ಬೇರೆ ಕಾರಣಗಳಿಂದಲೂ ಆಗಬಹುದು. ಮುಂಚೆ ನಾಡಿ 68 ಇತ್ತು ಎಂಬುದು ಇದನ್ನು ತಡೆಯಲಾರದು. ನಟ ಪುನೀತ್ ರಾಜ್‌ಕುಮಾರ್ ನಿಮಗೆಲ್ಲ ಗೊತ್ತು. ದಿನವೂ ವ್ಯಾಯಾಮ ಮಾಡುತ್ತಿದ್ದ, ಸೈಕಲ್ಲನ್ನೂ ಇಷ್ಟಪಡುತ್ತಿದ್ದ ಅವರು 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದಲೇ ತೀರಿಕೊಂಡರು. ಮುಂದೆ ಹೃದಯಾಘಾತವನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಬೇಗ ಪತ್ತೆಹಚ್ಚಲು ಕರ್ನಾಟಕ ಸರ್ಕಾರ ಆರಂಭಿಸಿದ ಯೋಜನೆಗೆ ಅವರ ಹೆಸರನ್ನೇ ಇಟ್ಟಿತು.

ಹೃದಯ ನಿಂತ ಮೇಲೆ ಮಿದುಳಿಗೆ ಇರುವ ಸಮಯ ಬಹಳ ಕಡಿಮೆ. ಸುಮಾರು ನಾಲ್ಕೈದು ನಿಮಿಷಗಳಲ್ಲಿ ಅದಕ್ಕೆ ಹಾನಿ ಶುರುವಾಗುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಕಾಫಿ ತೋಟದ ನಡುವಿನ ಊರಿಗೆ ಯಾವ ಆಂಬುಲೆನ್ಸೂ ನಾಲ್ಕು ನಿಮಿಷದಲ್ಲಿ ಬರಲಾರದು. ಅದು ಯಾರ ತಪ್ಪೂ ಅಲ್ಲ. ರಸ್ತೆ ಹಾಗಿದೆ, ಬೆಟ್ಟ ಹಾಗಿದೆ. ಆದ್ದರಿಂದ ಆ ನಿಮಿಷಗಳು ಪಕ್ಕದಲ್ಲಿ ನಿಂತವರ ಪಾಲಿನವು. ನಾವು ದುಡ್ಡು ಕೂಡಿಸಿದ್ದು ಇದಕ್ಕಾಗಿ: ಎದೆ ಒತ್ತುವುದನ್ನು ಕಲಿಸುವ ಬೊಂಬೆಗಳನ್ನು ಕೊಂಡು ಶಾಲೆಯಿಂದ ಶಾಲೆಗೆ ಕಳಿಸುವುದಕ್ಕೆ.

ಈಗ ಸವಾರಿಯ ವಿಷಯಕ್ಕೆ ಬರುತ್ತೇನೆ. ಕುಶಾಲನಗರದಲ್ಲಿ ಕಾವೇರಿಯೇ ಗಡಿ. ಸೇತುವೆಯ ಆಚೆ ಮೈಸೂರು ಜಿಲ್ಲೆಯ ಕೊಪ್ಪ, ಈಚೆ ಕೊಡಗು. ಸೇತುವೆಯ ಬಳಿಯಿಂದ ನಾವು ಹೊರಟದ್ದು ಬೆಳಗ್ಗೆ ಏಳೂವರೆಗೆ. ಇನ್ನೂ ಬೇಗ ಹೊರಡಬಹುದಿತ್ತು. ಆದರೆ ಗುಡ್ಡೆಹೊಸೂರು ದಾಟಿದರೆ ಆನೆಕಾಡು. ಹೆಸರೇ ಹೇಳುವಂತೆ, ಮುಂಜಾನೆಯ ಮಂಜಿನಲ್ಲಿ ಅಲ್ಲಿ ರಸ್ತೆಯ ಮೇಲೆ ಯಾರು ನಿಂತಿರುತ್ತಾರೆಂದು ಹೇಳಲಾಗದು. ಆನೆ ಕಿಲೋಮೀಟರಿಗೆ ಇಷ್ಟೆಂದು ದೇಣಿಗೆ ಕೊಡುವುದಿಲ್ಲ!

ನನ್ನದು ಗೇರಿಲ್ಲದ ಹಳೆಯ ಸೈಕಲ್ಲು. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18. ಎಂದರೆ ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ 2.2 ಮೀಟರ್. ಹೀಗೆ ಒಂದು ತುಳಿತದ ಸುತ್ತಿಗೆ 5.4 ಮೀಟರ್ ಮುಂದೆ ಹೋಗುತ್ತೇನೆ. ಸಮತಟ್ಟಿನಲ್ಲಿ ಇದು ಲಾಭ. ಏರಿನಲ್ಲಿ ಇದೇ ಕಷ್ಟ, ಏಕೆಂದರೆ ಅಷ್ಟೂ ದೂರದ ಏರನ್ನು ಒಂದೇ ಸುತ್ತಿನಲ್ಲಿ ಹತ್ತಬೇಕು. ಗೇರಿನ ಸೈಕಲ್ಲಿನವರು ಸಣ್ಣ ಗೇರು ಹಾಕಿ ಹೆಚ್ಚು ಸಲ ಹಗುರವಾಗಿ ತುಳಿಯುತ್ತಾ ನನ್ನನ್ನು ದಾಟಿ ಹೋದರು. ಒಟ್ಟು ಕೆಲಸ ಇಬ್ಬರಿಗೂ ಒಂದೇ, ಕಂತು ಮಾತ್ರ ಬೇರೆ. ಸಾಲ ತೀರಿಸಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಕುಶಾಲನಗರಕ್ಕಿಂತ ಮಡಿಕೇರಿ ಸುಮಾರು 300 ಮೀಟರ್ ಎತ್ತರದಲ್ಲಿದೆ. ನಾನು 62 ಕಿಲೋ, ಸೈಕಲ್ಲು 20 ಕಿಲೋ, ಒಟ್ಟು 82. ಇದನ್ನು 9.8ರಿಂದಲೂ 300ರಿಂದಲೂ ಗುಣಿಸಿದರೆ ಸುಮಾರು 2,41,000 ಜೂಲ್. ಕೇಳಲು ದೊಡ್ಡದಾಗಿದೆ, ಆದರೆ ಅದು 58 ಕಿಲೋಕ್ಯಾಲೊರಿ ಅಷ್ಟೇ. ಒಂದು ಬಾಳೆಹಣ್ಣಿನಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇದೆ. ಹಾಗಾದರೆ ಒಂದು ಬಾಳೆಹಣ್ಣು ತಿಂದು ಮಡಿಕೇರಿ ಹತ್ತಬಹುದೇ? ಆಗುವುದಿಲ್ಲ. ನಮ್ಮ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸವಾಗುತ್ತದೆ, ಮುಕ್ಕಾಲು ಭಾಗ ಶಾಖವಾಗುತ್ತದೆ. ಜನವರಿಯ ಚಳಿಯಲ್ಲೂ ನನ್ನ ಅಂಗಿ ಒದ್ದೆಯಾದದ್ದು ಅದಕ್ಕೇ. ಎತ್ತರಕ್ಕೆಂದೇ 230 ಕಿಲೋಕ್ಯಾಲೊರಿ ಬೇಕು. ಗಾಳಿಯ ತಡೆ, ಟೈರಿನ ತಿಕ್ಕಾಟ, ನಡುವೆ ಇಳಿದು ಮತ್ತೆ ಹತ್ತುವ ದಿಬ್ಬಗಳ ಲೆಕ್ಕ ಬೇರೆ. ಸುಂಟಿಕೊಪ್ಪದಲ್ಲಿ ನಾನು ಮೂರು ಬಾಳೆಹಣ್ಣು ತಿಂದೆ.

ಹೊರಡುವ ಮೊದಲು ನನ್ನ ನಾಡಿ 78 ಇತ್ತು. ಸುಂಟಿಕೊಪ್ಪದಲ್ಲಿ ನಿಂತ ಕೂಡಲೇ ಎಣಿಸಿದೆ, 132. ಬೋಯಿಕೇರಿಯ ಹತ್ತಿರದ ಏರಿನಲ್ಲಿ 10 ಸೆಕೆಂಡಿಗೆ 25, ಅಂದರೆ ನಿಮಿಷಕ್ಕೆ 150. ಅಂಥ ಹೊತ್ತಿನಲ್ಲಿ ಹೃದಯ ನಿಮಿಷಕ್ಕೆ ಸುಮಾರು 15 ಲೀಟರ್ ರಕ್ತ ತಳ್ಳುತ್ತಿರುತ್ತದೆ, ಒಂದು ದೊಡ್ಡ ಕೊಡದಷ್ಟು. ರಸ್ತೆಯ ಬದಿಯಲ್ಲಿ ಸಿಲ್ವರ್ ಓಕ್ ಮರಕ್ಕೊರಗಿ ನಿಂತು ಮಣಿಕಟ್ಟು ಹಿಡಿದುಕೊಂಡಿದ್ದಾಗ ಅವನ ನೆನಪು ಬಹಳ ಬಂತು. ಎದುರಿನ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದ ಹೆಂಗಸೊಬ್ಬರು ಏನಾಯಿತೆಂದು ಓಡಿಬಂದರು. ನಾಡಿ ಎಣಿಸುತ್ತಿದ್ದೇನೆಂದು ಹೇಳಿದೆ. ಅವರು ನನ್ನನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿ, ಕುಡಿಯಲು ನೀರು ತಂದುಕೊಟ್ಟರು. ಸವಾರಿಯ ಕಾರಣ ಕೇಳಿ ತಿಳಿದು, ಕಿಲೋಮೀಟರಿನ ಲೆಕ್ಕವನ್ನೇ ಹಿಡಿಯದೆ, ಸೆರಗಿನ ಗಂಟು ಬಿಚ್ಚಿ 50 ರೂಪಾಯಿ ಕೊಟ್ಟರು. ಅವರ ಮನೆಯಲ್ಲೂ ಒಬ್ಬರು ಹೀಗೆಯೇ ಹೋಗಿದ್ದರು.

ಮಡಿಕೇರಿಗೆ ಎಲ್ಲರೂ ಮುಟ್ಟಿದೆವು. ಇಬ್ಬರು ಕೊನೆಯ ಮೈಲಿ ತಳ್ಳಿಕೊಂಡು ಬಂದರು. ಅದಕ್ಕೂ ಪೂರ್ತಿ ದುಡ್ಡು ಬಂತು. ಕೂಡಿದ ಹಣದಲ್ಲಿ ಎದೆಯವರೆಗಿನ ಎರಡು ಬೊಂಬೆಗಳನ್ನು ತರಿಸಿದೆವು.

ಈ ಬೊಂಬೆಯ ಚರಿತ್ರೆ ಸ್ವಾರಸ್ಯವಾಗಿದೆ. ನಿಂತ ಹೃದಯಕ್ಕೆ ಎದೆ ಕೊಯ್ಯದೆ ಹೊರಗಿನಿಂದಲೇ ನೆರವಾಗಬಹುದೆಂದು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದರು. ನಾಯಿಗಳ ಎದೆಗೆ ವಿದ್ಯುತ್ ಕೊಡುವ ಉಪಕರಣವನ್ನು ಬಲವಾಗಿ ಒತ್ತಿದಾಗ, ವಿದ್ಯುತ್ ಕೊಡುವ ಮೊದಲೇ ರಕ್ತದ ಒತ್ತಡ ಸ್ವಲ್ಪ ಏರುವುದನ್ನು ನಿಕರ್‌ಬಾಕರ್ ಗಮನಿಸಿದ್ದ. ಒತ್ತಿದ್ದರಿಂದಲೇ ರಕ್ತ ಹರಿದಿತ್ತು. ಆದರೆ ಇದನ್ನು ಜನರಿಗೆ ಕಲಿಸುವುದು ಯಾರ ಎದೆಯ ಮೇಲೆ? ನಾರ್ವೆಯ ಆಸ್ಮಂಡ್ ಲೇರ್ಡಾಲ್ ಎಂಬಾತ ಆಟಿಕೆ ತಯಾರಕ. ನೀರಿನಲ್ಲಿ ಮುಳುಗಿದ್ದ ತನ್ನ ಪುಟ್ಟ ಮಗನನ್ನು ತಾನೇ ಬದುಕಿಸಿದ್ದವನು. ಮೃದು ಪ್ಲಾಸ್ಟಿಕ್ಕಿನಲ್ಲಿ ಬೊಂಬೆ ಮಾಡುವುದು ಅವನಿಗೆ ಗೊತ್ತಿತ್ತು. ಅದೇ 1960ರಲ್ಲಿ ಅವನು ಕಲಿಕೆಯ ಬೊಂಬೆ ತಯಾರಿಸಿದ. ಅದಕ್ಕೆ ಇಟ್ಟ ಮುಖ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಿದಳೆಂದು ಹೇಳಲಾಗುವ, ಯಾರೆಂದು ಗೊತ್ತಾಗದ ಹುಡುಗಿಯ ಮುಖದ ಅಚ್ಚು.

ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ಬಿದ್ದವರನ್ನು ಭುಜ ತಟ್ಟಿ ಕೂಗಿ ಕರೆಯಬೇಕು. ಉತ್ತರವಿಲ್ಲ, ಉಸಿರಾಟ ಇಲ್ಲ ಅಥವಾ ಗೊರಕೆಯಂತೆ ಆಗೊಮ್ಮೆ ಈಗೊಮ್ಮೆ ಮಾತ್ರ ಇದೆ ಎಂದಾದರೆ ಅದು ಉಸಿರಾಟವಲ್ಲ. ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ ಒತ್ತಬೇಕು. ಎದೆ 5ರಿಂದ 6 ಸೆಂಟಿಮೀಟರ್ ತಗ್ಗಬೇಕು, ಪ್ರತಿ ಸಲ ಪೂರ್ತಿ ಮೇಲೆ ಬರಬೇಕು. ನಿಮಿಷಕ್ಕೆ 100ರಿಂದ 120 ಸಲ. ರಕ್ತದಲ್ಲಿ ಆಗಲೇ ಇರುವ ಆಮ್ಲಜನಕ ಇದರಿಂದ ಮಿದುಳಿಗೆ ಹೋಗುತ್ತದೆ. ಎಷ್ಟು ಚೆನ್ನಾಗಿ ಒತ್ತಿದರೂ ಹೃದಯದ ನಿಜವಾದ ಕೆಲಸದ ಕಾಲು ಭಾಗ ಇಲ್ಲವೇ ಮೂರನೆಯ ಒಂದು ಭಾಗದಷ್ಟೇ ಆಗುವುದು. ಆದರೂ ನಾಲ್ಕು ನಿಮಿಷವನ್ನು ಅದು ಹಿಗ್ಗಿಸುತ್ತದೆ. ಅದುರುವ ಹೃದಯವನ್ನು ಸರಿಪಡಿಸಲು ವಿದ್ಯುತ್ ಆಘಾತ ಕೊಡುವ ಯಂತ್ರವೇ ಬೇಕು.

ಡೆನ್ಮಾರ್ಕ್ ದೇಶ 2005ರಲ್ಲಿ ಇದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು, ಮರುವರ್ಷ ವಾಹನ ಪರವಾನಗಿ ಪಡೆಯುವವರಿಗೂ ಮಾಡಿತು. 2001ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತು ಕುಸಿದವರಲ್ಲಿ ನೂರಕ್ಕೆ 21 ಜನರಿಗೆ ಮಾತ್ರ ಪಕ್ಕದವರು ಎದೆ ಒತ್ತಿದ್ದರು. 2010ರಲ್ಲಿ ಅದು 45 ಆಯಿತು. 30 ದಿನದ ನಂತರವೂ ಬದುಕಿದ್ದವರು ನೂರಕ್ಕೆ ಮೂರೂವರೆಯಿಂದ ಸುಮಾರು 11ಕ್ಕೆ ಏರಿದರು. ಶಾಲೆಯ ಪಾಠವೊಂದೇ ಇದಕ್ಕೆ ಕಾರಣವಲ್ಲ, ಚಿಕಿತ್ಸೆಯೂ ಸುಧಾರಿಸಿತ್ತು. ಅದೇ ದೇಶದ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಮೈದಾನದಲ್ಲೇ ಕುಸಿದು ಹೃದಯ ನಿಂತಾಗ, ಅಲ್ಲೇ ಎದೆ ಒತ್ತಿ ವಿದ್ಯುತ್ ಆಘಾತ ಕೊಟ್ಟು ಬದುಕಿಸಿದರು. ಮುಂದಿನ ವರ್ಷ ಅವನು ಮತ್ತೆ ಆಡಿದ. ಅವನದೂ ಮೈದಾನ, ನನ್ನ ಗೆಳೆಯನದೂ ಮೈದಾನ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ನಿಮಿಷಕ್ಕೆ 110ರ ಲಯ ಹಿಡಿಯುವುದು ಹೇಗೆ? ಇದಕ್ಕೆ ಗೆಳೆಯನ ಬೀರುವಿನಲ್ಲಿ ಉತ್ತರವಿತ್ತು. ಲೋಲಕದ ಪಾಠಕ್ಕೆಂದು ಅವನು ಕಲ್ಲು ಕಟ್ಟಿಟ್ಟಿದ್ದ ದಾರಗಳು ಸಿಕ್ಕವು. ದಾರದ ತುದಿಯಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ 30 ಸೆಂಟಿಮೀಟರ್ ಇರಲಿ, ನಿಮ್ಮ ಅಳತೆಪಟ್ಟಿಯಷ್ಟೇ. ಸ್ವಲ್ಪ ಮಾತ್ರ ಎಳೆದು ಬಿಡಿ. ಎಡಕ್ಕೆ ಹೋದಾಗ ಒಂದು, ಬಲಕ್ಕೆ ಬಂದಾಗ ಒಂದು ಎಂದು ಎಣಿಸಿದರೆ ನಿಮಿಷಕ್ಕೆ 109 ಬರುತ್ತದೆ. ಕಲ್ಲು ಸಣ್ಣದಿರಲಿ ದೊಡ್ಡದಿರಲಿ, ಎಣಿಕೆ ಬದಲಾಗುವುದಿಲ್ಲ. ಅಳತೆ ಮುಖ್ಯ. ಬೊಂಬೆ ಇಲ್ಲದ ಶಾಲೆಯಲ್ಲಿ ಬಿಗಿಯಾದ ದಿಂಬಿನ ಮೇಲೆ ಈ ಲಯಕ್ಕೆ ಅಭ್ಯಾಸ ಮಾಡಬಹುದು. ಎಚ್ಚರವಿರುವ ಮನುಷ್ಯರ ಮೇಲೆ ಆಟಕ್ಕೂ ಮಾಡಬಾರದು, ಪೆಟ್ಟಾಗುತ್ತದೆ.

ಐದನೆಯ ತರಗತಿಯವರ ಮೈಭಾರ ದೊಡ್ಡವರ ಎದೆಯನ್ನು 5 ಸೆಂಟಿಮೀಟರ್ ತಗ್ಗಿಸಲು ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆಂಬಲಿಸಿದ ಕಾರ್ಯಕ್ರಮವೂ 12ನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಕಲಿಸಲು ಹೇಳುತ್ತದೆ. ಆದರೆ ಚಿಕ್ಕವರು 108ಕ್ಕೆ ಕರೆ ಮಾಡಬಲ್ಲರು, ದೊಡ್ಡವರಿಗೆ ಎಲ್ಲಿ ಒತ್ತಬೇಕೆಂದು ತೋರಿಸಬಲ್ಲರು. ಒಂದು ಶಾಲೆಯಲ್ಲಿ ಬೊಂಬೆ ಇದ್ದ ವಾರ, ಲೈನ್ ಮನೆಯ ಹುಡುಗನೊಬ್ಬ ಸಂಜೆ ತನ್ನ ಅಪ್ಪನನ್ನೂ ಅವರ ಜೊತೆಯ ನಾಲ್ಕು ಕೂಲಿಯವರನ್ನೂ ಕರೆತಂದ. ಕಾಫಿ ಚೀಲ ಹೊತ್ತು ಗಟ್ಟಿಯಾದ ಕೈಗಳು. ಬೊಂಬೆಯ ಎದೆಯಲ್ಲಿ ಸರಿಯಾದ ಆಳಕ್ಕೆ ಹೋದಾಗ ಟಕ್ಕೆಂದು ಸದ್ದಾಗುತ್ತದೆ. ಮೊದಲನೆಯವರು ಒತ್ತಿದ ಕೂಡಲೇ ಸದ್ದು ಬಂತು. ಹುಡುಗ ದಾರ ಹಿಡಿದು ಕಲ್ಲು ತೂಗಿಸುತ್ತಾ "ಇನ್ನೂ ಬೇಗ, ಇನ್ನೂ ಬೇಗ" ಎನ್ನುತ್ತಿದ್ದ. "ಎಲ್ಲಿಯವರೆಗೆ ಒತ್ತುತ್ತಾ ಇರಬೇಕು?" ಎಂದು ಅಪ್ಪ ಕೇಳಿದರು. ಆಂಬುಲೆನ್ಸಿನವರು ಬರುವವರೆಗೆ ಅಥವಾ ಬಿದ್ದವರು ಕದಲುವವರೆಗೆ, ಎರಡೆರಡು ನಿಮಿಷಕ್ಕೆ ಜನ ಬದಲಾಯಿಸುತ್ತಾ, ಎಂದು ಹೇಳಿದೆ. ಅವರು ಮೂರನೆಯವರನ್ನು ಕೂಗಿದರು.

ಬೊಂಬೆಗಳು ಈಗಲೂ ತಿರುಗುತ್ತಿವೆ. ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಒಂದು ಶಾಲೆಯವರು ಮುಂದಿನ ಶಾಲೆಗೆ ಮುಟ್ಟಿಸುತ್ತಾರೆ. ಜೊತೆಗೆ 30 ಸೆಂಟಿಮೀಟರಿನ ದಾರವೂ ಇರುತ್ತದೆ. ಮಳೆಗಾಲದಲ್ಲಿ ಒಂದಕ್ಕೆ ಬೂಷ್ಟು ಹಿಡಿದಿತ್ತು, ಒರೆಸಿ ಬಿಸಿಲಿಗಿಟ್ಟೆವು.